ಪಾಲು ಮಾಡಬಾರದ ಮಾತ್ರೆ

ಅರಳಸುರಳಿ ರಸ್ತೆ,
ಪೂರ್ಣೇಶನ ಅಡಿಕೆ ಸುಲಿತದ ಶೆಡ್ಡಿನಿಂದ

ಹಟಮಾರಿ ಪುಷ್ಪಮ್ಮನಿಗೆ, ನಿನ್ನ ಸತ್ಯಭಾಮೆಯ ತಕರಾರು.

ಈ ಕಾಗದವನ್ನು ನಿನ್ನ ಮಗಳು ಶಿಲ್ಪಶ್ರೀ ನಿನ್ನ ಕೈಗೆ ಕೊಡುತ್ತಾಳೆ. ಓದಿ ಮುಗಿಸುವವರೆಗೆ ಆ ಆಸ್ಪತ್ರೆಯ ಮಂಚದಿಂದ ಕಾಲು ಕೆಳಗಿಡಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವವಳಲ್ಲ. ಸಿಸ್ಟರ್ ಬಂದರು ಎಂದು ಸುಳ್ಳು ಹೇಳಿ ಇಟ್ಟುಬಿಡುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗುವುದಿಲ್ಲ.

ನಿನ್ನೆ ನಿನ್ನ ಮಗಳು ಅಳುತ್ತಾ ಫೋನು ಮಾಡಿದಳು. ಜ್ವರ ಬಿಟ್ಟಿದೆಯಂತೆ. ಬೆನ್ನಿನ ನೋವು ತಗ್ಗಿದೆಯಂತೆ. ಡ್ರಿಪ್ಪಿನಲ್ಲಿ ಕೊಡುವ ಔಷಧಿ ಇನ್ನೂ ಅರ್ಧಕ್ಕೂ ಬಂದಿಲ್ಲ, ಅಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾಳೆ ಎಂದಳು. ಸುಲಿತದ ಕಾಲ ಮುಗಿಯುತ್ತಾ ಬಂತು ಎಂಬ ಆತಂಕ ಒಂದು ಕಡೆ. ಇನ್ನೊಂದು ಕಡೆ, ವಾರ್ಡಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವ ಯಾರೋ ಮುದುಕಿ. "ನನಗೆ ಜ್ವರ ಬಿಟ್ಟಿದೆ, ಆ ಅಜ್ಜಿ ಇನ್ನೂ ನಡುಗ್ತಾ ಇದೆ. ನನ್ನ ಮಂಚ ಅದಕ್ಕೆ ಕೊಡಿ" ಎಂದು ಡಾಕ್ಟರಿಗೇ ಹೇಳಿದೆಯಂತಲ್ಲ. ಅವರು ಬೈದರಂತೆ. ನೀನು ಮುಖ ತಿರುಗಿಸಿ ಕೂತೆಯಂತೆ.

ಪುಷ್ಪಮ್ಮ, ನಿನ್ನ ಈ ಗುಣವನ್ನು ನಾನು ಊರೂರು ಹೊಗಳಿಕೊಂಡು ಬಂದವಳು. ಇವತ್ತು ಅದೇ ಗುಣದ ಮೇಲೆ ಜಗಳಕ್ಕೆ ಕೂತಿದ್ದೇನೆ.

ನಿನ್ನನ್ನು ಮೊದಲು ನೋಡಿದ್ದು ಹೊಸನಗರದ ತಾಲ್ಲೂಕು ಕಚೇರಿಯ ಮುಂದೆ, ಬಗರ್‌ಹುಕುಂ ಧರಣಿಯಲ್ಲಿ. ನಾನು ಕಾರ್ಗಲ್ ಕಡೆಯ ಹೆಂಗಸರ ಜೊತೆ ಬಂದಿದ್ದೆ. ಯಾರೋ ಒಂದು ಬುಟ್ಟಿ ಬಾಳೆಹಣ್ಣು ತಂದಿಟ್ಟರು. ಮುಂದಿನ ಸಾಲಿನಲ್ಲಿದ್ದ ಮುಖಂಡರ ಕೈ ಬುಟ್ಟಿಗೆ ಹೋಗುವ ಮೊದಲೇ ನೀನು ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡು, "ಭಾಷಣ ಮಾಡೋರಿಗೆ ಕೊನೇಗೆ" ಎಂದೆ. ಹಿಂದಿನ ಸಾಲಿನ ಮಕ್ಕಳಿಂದ ಶುರುಮಾಡಿ ಹಂಚಿಕೊಂಡು ಬಂದೆ. ನಮ್ಮನ್ನು ಎಬ್ಬಿಸಲು ಬಂದು ನಿಂತಿದ್ದ ಪೊಲೀಸನಿಗೂ ಅರ್ಧ ಹಣ್ಣು ಮುರಿದುಕೊಟ್ಟೆ. ಅವನೂ ಬೆಳಿಗ್ಗೆಯಿಂದ ನಿಂತಿದಾನೆ ಪಾಪ, ಎಂದೆ. ಅವನು ಆ ಕಡೆ ಈ ಕಡೆ ನೋಡಿ ತಿಂದ. ಅವತ್ತು ನಮ್ಮ ಯಾವ ಭಾಷಣದಲ್ಲೂ ಇಲ್ಲದ ಸಮಾನತೆ ಆ ಬುಟ್ಟಿಯಲ್ಲಿತ್ತು.

ಈ ಶೆಡ್ಡಿಗೂ ಆ ಕಾನೂನನ್ನು ನೀನೇ ತಂದೆ. ಇಲ್ಲಿಗೆ ಬಂದದ್ದೆಲ್ಲ ಪಾಲಾಗಬೇಕು. ಯಾರ ಮನೆಯಿಂದಲಾದರೂ ಕಡುಬು ಬಂದರೆ ಸಾಲಿನ ಎರಡೂ ತುದಿಗೆ ತಲುಪಬೇಕು. ಎಲೆ ಅಡಿಕೆಯೂ ಹಾಗೆ, ತಲೆನೋವಿನ ಮುಲಾಮೂ ಹಾಗೆ. ತೋಟಗಳ ಫಸಲನ್ನು ಚೇಣಿಗೆ ಹಿಡಿದ ಪೂರ್ಣೇಶನ ಕಣ್ಣಿಗೆ ನೀವು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಕೈಗಳು. ಆದರೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಆ ಹೆಂಗಸರು ಒಂದು ಮನೆಯಂತೆ ಬದುಕಿದ್ದು ನಿನ್ನಿಂದ. ಇದರಲ್ಲಿ ಎರಡು ಮಾತಿಲ್ಲ.

ಹಾಗೆ ಪಾಲಿಗೆ ಬಂದವುಗಳಲ್ಲಿ ಡಾಕ್ಟರ್ ಮೇಧಾ ನಿನಗೆ ಬರೆದುಕೊಟ್ಟ ಮಾತ್ರೆಗಳೂ ಇದ್ದವು ಎಂಬುದು ನನಗೆ ತಿಳಿದದ್ದು ನೀನು ಆಸ್ಪತ್ರೆ ಸೇರಿದ ಮೇಲೆ.

ತೀರ್ಥಹಳ್ಳಿಯ ಆ ಚಿಕ್ಕ ಕ್ಲಿನಿಕ್ಕಿನ ಮೇಧಾ ನಿನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಕಳೆದ ಮಳೆಗಾಲದಲ್ಲಿ ಶಿಲ್ಪಶ್ರೀಗೆ ನೆಗಡಿ ಕೆಮ್ಮು ಹಿಡಿದು ಅವರ ಬಳಿ ಕರೆದುಕೊಂಡು ಹೋದದ್ದು ನೆನಪಿದೆಯಾ? ನಾನೂ ಜೊತೆಗಿದ್ದೆ. ಅವಳು ಕೆಲಸಕ್ಕಿರುವ ಬಟ್ಟೆ ಅಂಗಡಿಯ ಮಾಲೀಕ, ಗಿರಾಕಿಗಳ ಮುಂದೆ ಕೆಮ್ಮಬೇಡ, ವಾಸಿ ಮಾಡಿಕೊಂಡೇ ಬಾ ಎಂದು ಹುಡುಗಿಯನ್ನು ಕಳಿಸಿದ್ದ. ಮೇಧಾ ಎದೆಗೆ ಕೊಳವೆ ಇಟ್ಟು ನೋಡಿದರು, ಗಂಟಲು ನೋಡಿದರು, ಜ್ವರದ ಮಾತ್ರೆ ಬರೆದು, ಬಿಸಿನೀರಿನ ಹಬೆ ತೆಗೆದುಕೊಳ್ಳಲು ಹೇಳಿ, ಆ್ಯಂಟಿಬಯಾಟಿಕ್ ಬೇಕಾಗಿಲ್ಲ ಎಂದರು. ನೀನು ಕುರ್ಚಿಯಿಂದ ಏಳಲೇ ಇಲ್ಲ.

"ಮಾತ್ರೆ ಕೇಳಿದ್ರೆ ಪಾಠ ಹೇಳ್ತೀರಲ್ಲ ಡಾಕ್ಟ್ರೇ. ದೊಡ್ಡೋರ ಮನೆ ಹುಡುಗಿ ಆಗಿದ್ರೂ ಹಿಂಗೇ ಬರಿಗೈಲಿ ಕಳಿಸ್ತಿದ್ರಾ?" ಎಂದೆ.

ಅವರಿಗೆ ಸಿಟ್ಟು ಬರಲಿಲ್ಲ. "ನನ್ನ ಮಗಳಿಗೂ ಇದೇ ನೆಗಡಿ ಪುಷ್ಪಮ್ಮ. ಅವಳಿಗೂ ಕಷಾಯನೇ ಕುಡಿಸಿ ಬಂದಿದೀನಿ. ಈ ನೆಗಡಿ ವೈರಸ್ಸಿಂದು. ನೀವು ಕೇಳ್ತಿರೋ ಮಾತ್ರೆ ಅದಕ್ಕೆ ತಾಗೋದೇ ಇಲ್ಲ" ಎಂದರು.

ನೀನು ನಂಬಲಿಲ್ಲ. ಪೇಟೆಯಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋದೆ. ಅಲ್ಲಿ ಹುಡುಗಿಯ ಮುಖವನ್ನೂ ಸರಿಯಾಗಿ ನೋಡದೆ ಒಂದು ಇಂಜೆಕ್ಷನ್ ಚುಚ್ಚಿ ಒಂದು ಸ್ಟ್ರಿಪ್ ಕೊಟ್ಟು ಕಳಿಸಿದರು. ನೆಗಡಿ ತಾನು ಹೋಗಬೇಕಾದಾಗ ಹೋಯಿತು, ಕೀರ್ತಿ ಸ್ಟ್ರಿಪ್ಪಿಗೆ ಹೋಯಿತು. ಮೇಧಾಗೆ ಕೈಗುಣ ಇಲ್ಲ ಎಂದು ಶೆಡ್ಡಿನಲ್ಲೆಲ್ಲ ಹೇಳಿದೆ.

ನಿನ್ನ ಸಿಟ್ಟು ಸುಳ್ಳು ಎಂದು ನಾನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಬಡವರಿಗೆ ಎಲ್ಲ ಬಾಗಿಲಲ್ಲೂ ಕಡಿಮೆಯೇ ಸಿಕ್ಕಿದೆ. ಇಲ್ಲ ಎಂದವರ ಮೇಲೆಲ್ಲ ಅನುಮಾನ ಬರುವುದು ಅದರಿಂದ. ಎರಡು ದಿನ ಮಲಗಿ ಸುಧಾರಿಸಿಕೊಳ್ಳಿ ಎಂಬುದು ಸಂಬಳದ ರಜೆ ಇರುವವರಿಗೆ ಬರೆಯುವ ಔಷಧಿ. ಕೂಲಿಯವರಿಗೆ ಬೆಳಗಾಗುವುದರೊಳಗೆ ಎದ್ದು ನಿಲ್ಲಿಸುವ ಔಷಧಿ ಬೇಕು. ಅದನ್ನು ಮಾರಲು ಪೇಟೆಯಲ್ಲಿ ಜನ ಕೂತಿದ್ದಾರೆ. ಅವರು ನಮ್ಮ ಅವಸರವನ್ನೇ ಬಂಡವಾಳ ಮಾಡಿಕೊಂಡರು. ಎಷ್ಟು ಮಳೆಗಾಲ, ಎಷ್ಟು ನೆಗಡಿ, ಎಷ್ಟು ಭೇದಿ, ಅಷ್ಟಕ್ಕೂ ಅದೇ ಸೂಜಿ, ಅದೇ ಸ್ಟ್ರಿಪ್. ಯಾಕೆ ಕೊಟ್ಟಿರಿ ಎಂದು ನಾವು ಒಂದು ದಿನವೂ ಕೇಳಲಿಲ್ಲ. ಕೊಡಲಿಲ್ಲ ಎಂದು ಮಾತ್ರ ಜಗಳ ಆಡಿದೆವು.

ಆದರೆ ಬೇಕಾದಾಗ ಮೇಧಾ ಕೊಟ್ಟರಲ್ಲ ಪುಷ್ಪಮ್ಮ. ಸುಲಿತ ಶುರುವಾದ ಹೊಸದರಲ್ಲಿ ನಿನಗೆ ಉರಿಮೂತ್ರ ಹತ್ತಿ, ಕೊತ್ತಂಬರಿ ನೀರು, ಬಾರ್ಲಿ, ಎಳನೀರು ಎಲ್ಲ ಆಗಿ, ತಡೆಯಲಾಗದೆ ಅವರ ಬಳಿಗೇ ಹೋದೆ. ಮೂತ್ರ ಪರೀಕ್ಷೆ ಮಾಡಿಸಿದರು. ಇದಕ್ಕೆ ಆ್ಯಂಟಿಬಯಾಟಿಕ್ ಬೇಕೇ ಬೇಕು ಎಂದು ಐದು ದಿನಕ್ಕೆ ಬರೆದರು. ಉರಿ ನಿಂತರೂ ಮಾತ್ರೆ ನಿಲ್ಲಿಸಬೇಡಿ ಎಂದು ಕೈ ಹಿಡಿದು ಹೇಳಿದರು. ನೀನು ತಲೆಯಾಡಿಸಿ ಬಂದೆ.

ಮುಂದಿನದನ್ನು ನನಗೆ ಹೇಳಿದ್ದು ಬಂಗಾರಮ್ಮ, ಸಾಲಿನಲ್ಲಿ ನಿನ್ನ ಪಕ್ಕ ಕೂರುವವಳು. ಎರಡನೇ ದಿನಕ್ಕೆ ನಿನ್ನ ಉರಿ ಹೋಯಿತು. ಪಕ್ಕದಲ್ಲಿ ಅವಳು ತುಟಿ ಕಚ್ಚಿಕೊಂಡು ಕೂತಿದ್ದನ್ನು ನೋಡಿದೆ. ಅವಳಿಗೂ ಅದೇ, ಅವಳಾಚೆಯವಳಿಗೂ ಅದೇ. ನೀನು ಸೆರಗಿನ ಗಂಟಿನಿಂದ ಸ್ಟ್ರಿಪ್ ತೆಗೆದು, ಮೆಟ್ಟುಗತ್ತಿಯ ಅಂಚಿಗೆ ಹಿಡಿದು ತುಂಡು ತುಂಡು ಮಾಡಿ ಸಾಲಿನುದ್ದಕ್ಕೂ ಕೊಟ್ಟೆ. ಬಂಗಾರಮ್ಮ ಹಿಂಜರಿದಳಂತೆ. ಡಾಕ್ಟರು ನಿನಗೆ ಕೊಟ್ಟಿದ್ದಲ್ವಾ ಎಂದಳಂತೆ.

"ನೋವು ಎಲ್ರಿಗೂ, ಮಾತ್ರೆ ನನಗೊಬ್ಬಳಿಗಾ? ಬಾಯಿ ತೆಗಿ" ಎಂದೆಯಂತೆ.

ಅವತ್ತಿನಿಂದ ನಿನಗೆ ಶೆಡ್ಡಿನಲ್ಲಿ ಡಾಕ್ಟ್ರಮ್ಮ ಎಂದು ಹೆಸರಾಯಿತು. ಎಲ್ಲರಿಗೂ ಒಂದೆರಡು ದಿನ ಹಾಯೆನಿಸಿತು. ಮತ್ತೆ ಉರಿ ಬಂದಾಗ ಆ ತುಂಡಿನ ಖಾಲಿ ಸ್ಟ್ರಿಪ್ ಹಿಡಿದು ಒಬ್ಬೊಬ್ಬರಾಗಿ ಮೆಡಿಕಲ್ ಶಾಪಿಗೆ ಹೋದಿರಿ. ಇದೇ ಕೊಡಿ, ಎರಡು ಸಾಕು. ಚೀಟಿ ಎಲ್ಲಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಎರಡು ನುಂಗುವುದು, ಉರಿ ತಗ್ಗಿಸುವುದು, ಕತ್ತಿಯ ಮುಂದೆ ಕೂರುವುದು. ಮತ್ತೆ ಬಂದರೆ ಮತ್ತೆರಡು. ಮೇಧಾ ಹತ್ತಿರ ಹೋದರೆ ಬೈತಾರೆ ಎಂದು ಆ ದಾರಿಯನ್ನೇ ಬಿಟ್ಟಿರಿ.

ಆಮೇಲೆ ಆ ದಿನ ಬಂತು. ನೀನು ಕೂತಲ್ಲೇ ಹಲ್ಲು ಕಟಕಟ ಕಡಿಯುತ್ತಾ ನಡುಗಲು ಶುರುಮಾಡಿದೆ. ಶೆಡ್ಡಿನಲ್ಲಿದ್ದ ಗೋಣಿಚೀಲಗಳನ್ನೆಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಪೂರ್ಣೇಶನ ಅಡಿಕೆ ಸಾಗಿಸುವ ಗಾಡಿಯಲ್ಲೇ ಮಲಗಿಸಿಕೊಂಡು ಹೆಂಗಸರು ಮೇಧಾ ಬಳಿಗೆ ಓಡಿದರು. ಅವರು ನಿನ್ನ ಬೆನ್ನಿನ ಪಕ್ಕ ಕೈ ಇಟ್ಟದ್ದಷ್ಟೇ, ನೀನು ಚೀರಿದೆ. ಕಿಡ್ನಿಗೆ ಏರಿದೆ, ರಕ್ತದೊತ್ತಡ ಇಳಿಯುತ್ತಿದೆ ಎಂದರು. ಅಲ್ಲಿಂದಲೇ ಆಂಬುಲೆನ್ಸ್ ಕರೆಸಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಯ ಸಿಸ್ಟರ್ ನಿನ್ನ ಬೆರಳುಗಳ ತುದಿ ನೋಡಿ ಉಸಿರು ಹೋಗುತ್ತಿದೆಯೆಂದು ಗಾಬರಿಯಾದರಂತೆ. ಅದು ಅಡಿಕೆಯ ಚೊಗರು, ನಮ್ಮ ಅಮ್ಮನ ಕೈ ಯಾವಾಗಲೂ ಕಪ್ಪೇ ಎಂದು ಶಿಲ್ಪಶ್ರೀ ಹೇಳಬೇಕಾಯಿತಂತೆ.

ಮೂತ್ರದಲ್ಲಿ ಬೆಳೆದ ರೋಗಾಣುವಿಗೆ ಯಾವ ಔಷಧಿ ನಾಟುತ್ತದೆ ಎಂದು ಅಲ್ಲಿ ಪರೀಕ್ಷೆ ಮಾಡಿದರು. ಆ ಸುದ್ದಿ ಬಂದಾಗ ನಾನು ಮೇಧಾ ಅವರ ಎದುರಿಗೇ ಇದ್ದೆ. ಅವರು ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಸತ್ಯಭಾಮಾ ಅವರೇ, ನನ್ನ ಕ್ಲಿನಿಕ್ಕಲ್ಲಿ ಬರೆದು ಕೊಡೋ ಯಾವ ಮಾತ್ರೆಯೂ ಇದಕ್ಕೆ ನಾಟಲ್ಲ. ಡ್ರಿಪ್ಪಲ್ಲಿ ಕೊಡೋವು ಒಂದೆರಡು ಉಳಿದಿವೆ. ಅದನ್ನೂ ಅರ್ಧಕ್ಕೆ ಬಿಟ್ಟು ಮತ್ತೆ ಹಿಂಗೇ ಬಂದ್ರೆ, ಕೈ ಹಿಡಿದು ಕೂರೋದು ಬಿಟ್ಟು ನನ್ನ ಹತ್ರ ಬೇರೇನಿಲ್ಲ" ಎಂದರು.

ಯಾರ ತಪ್ಪು ಎಂದು ಕೇಳಿದೆ. ನನ್ನ ಬುದ್ಧಿಯೇ ಹಾಗೆ, ಎದುರಾಳಿ ಯಾರೆಂದು ಗೊತ್ತಾಗದೆ ಸಮಾಧಾನವಿಲ್ಲ. ಅವರು ಇಂಥ ಸ್ಟ್ರಿಪ್ಪಿನಿಂದಲೇ ಆಯಿತೆಂದು ಬೆರಳು ಮಾಡಲಾಗುವುದಿಲ್ಲ ಎಂದರು. ನೆಗಡಿಗೆ ತಿಂದದ್ದು, ಭೇದಿಗೆ ತಿಂದದ್ದು, ಚೀಟಿಯಿಲ್ಲದೆ ಕೊಂಡದ್ದು, ಅರ್ಧಕ್ಕೆ ನಿಲ್ಲಿಸಿದ್ದು, ಎಲ್ಲವೂ ಸೇರಿದೆ. ಬೇಡದ ಕಡೆ ಆ್ಯಂಟಿಬಯಾಟಿಕ್ ಕೊಟ್ಟಾಗಲೆಲ್ಲ ಮೈಯಲ್ಲಿರುವ ಮೆತ್ತಗಿನ ರೋಗಾಣುಗಳು ಸಾಯುತ್ತವೆ, ಗಟ್ಟಿಯವು ಉಳಿದು ಸಂಸಾರ ಬೆಳೆಸುತ್ತವೆ ಎಂದರು. ಅವು ಒಂದು ಮೈಯಲ್ಲೇ ಕೂರುವುದಿಲ್ಲವಂತೆ. ತಾಯಿಯಿಂದ ಮಗಳಿಗೆ, ಕೈಯಿಂದ ಕೈಗೆ ದಾಟುತ್ತವಂತೆ. ನೀನು ತಂದಿಟ್ಟ ಪಾಲಿನ ಕಾನೂನು ಅವಕ್ಕೂ ಗೊತ್ತಿದೆ ಪುಷ್ಪಮ್ಮ.

ನಿನಗೆ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಧರಣಿ ಕೂತ ಎರಡನೇ ದಿನ ತಹಸೀಲ್ದಾರರು ಹೊರಗೆ ಬಂದು, ಆಯಿತು ಏಳಿ, ನೋಡೋಣ ಎಂದರೆ ನಾವು ಎದ್ದಿದ್ದೇವಾ? ಯಾರಾದರೂ ಎದ್ದರೆ ಸೆರಗು ಹಿಡಿದು ಕೂರಿಸುತ್ತಿದ್ದವಳು ನೀನು. ಅರ್ಧಕ್ಕೆ ಎದ್ದರೆ ಮುಂದಿನ ಸಲ ಇವರು ಕಚೇರಿ ಬಾಗಿಲೂ ತೆಗೆಯುವುದಿಲ್ಲ, ನಮ್ಮ ತಾಕತ್ತು ಇಷ್ಟೇ ಎಂದು ತಿಳಿದುಬಿಡುತ್ತಾರೆ ಎನ್ನುತ್ತಿದ್ದೆ. ಉರಿ ನಿಂತ ಎರಡನೇ ದಿನ ನಿನ್ನ ಮೈಯೊಳಗೆ ಆದದ್ದು ಅದೇ. ಇವತ್ತು ಜ್ವರ ಬಿಟ್ಟಿದೆ ಎಂದು ನೀನು ಕಟ್ಟಿಟ್ಟಿರುವ ಗಂಟೂ ಅದೇ.

ಇನ್ನು ನಾನು ಯಾಕೆ ಬರಲಿಲ್ಲ ಎಂಬ ವಿಷಯ. ಬರುವವಳೇ ಇದ್ದೆ. ಅದಕ್ಕೂ ಮೊದಲು ಮೇಧಾ, ನಾನು ಶೆಡ್ಡನ್ನು ಒಮ್ಮೆ ನೋಡಬೇಕು ಎಂದರು. ಒಂದೇ ಶೆಡ್ಡಿನ ಇಷ್ಟು ಹೆಂಗಸರಿಗೆ ಉರಿಮೂತ್ರ ಯಾಕೆ ಬರುತ್ತಿದೆ ಎಂಬುದು ಅವರ ತಲೆಗೆ ಹೊಕ್ಕ ಹುಳ. ಬಂದವರು ಸಾಲಿನ ಮುಂದೆ ನೆಲದ ಮೇಲೆ ಕೂತರು. ಬೆಳಿಗ್ಗೆಯಿಂದ ಸಂಜೆವರೆಗೆ ಎಷ್ಟು ಸಲ ಹೊರಗೆ ಹೋಗ್ತೀರಿ ಎಂದು ಕೇಳಿದರು. ಹೆಂಗಸರು ತಲೆ ಬಗ್ಗಿಸಿ ಸುಲಿಯುತ್ತಲೇ ಇದ್ದರು. ಕಡೆಗೆ ಬಂಗಾರಮ್ಮ ಹೇಳಿದಳು. "ಹೊಟ್ಟೇಲಿ ನೀರಿದ್ರೆ ತಾನೇ ಡಾಕ್ಟ್ರೇ ಹೋಗೋದು? ನಾವು ಮನೆಯಿಂದ ಹೊರಟ ಮೇಲೆ ನೀರೇ ಮುಟ್ಟಲ್ಲ. ಎದ್ರೆ ಡಬ್ಬ ಕಮ್ಮಿ ಆಗತ್ತೆ. ಎದ್ದು ಹೋಗೋದಾದ್ರೂ ಎಲ್ಲಿಗೆ?"

ನಾನು ಈ ಶೆಡ್ಡಿಗೆ ಎಷ್ಟು ಸಲ ಬಂದಿದ್ದೇನೆ, ಕೂಲಿಯ ಬಗ್ಗೆ, ಡಬ್ಬದ ಅಳತೆಯ ಬಗ್ಗೆ ಎಷ್ಟು ಕೂಗಿದ್ದೇವೆ. ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಒಂದು ಕಡೆ ರಸ್ತೆ, ಒಂದು ಕಡೆ ಅಡಿಕೆ ಒಣಗುವ ಅಂಗಳ, ಹಿಂದೆ ಲೋಡು ತುಂಬುವ ಗಂಡಸರು. ನೀರು ಕುಡಿಯದೆ, ಬಂದದ್ದನ್ನು ಹಿಡಿದುಕೊಂಡು ಕೂತ ಹೊಟ್ಟೆಯೊಳಗೆ ರೋಗಾಣು ಬೆಳೆಯುತ್ತದೆ. ಮೇಧಾ ಎದ್ದು ಸೆರಗು ಕೊಡವಿಕೊಂಡು, ನಾನು ಎಷ್ಟು ಸರಿಯಾದ ಮಾತ್ರೆ ಬರೆದರೂ ಇವರು ಮತ್ತೆ ಬಂದು ಇಲ್ಲೇ ಕೂರುತ್ತಾರಲ್ಲ ಎಂದರು.

ಪೂರ್ಣೇಶನನ್ನು ಕರೆಸಿದೆವು. ಅವನು ನಕ್ಕ. "ಮಲೆನಾಡಲ್ಲಿ ಮರೆಗೆ ಬರವಾ ಅಕ್ಕ? ಸುತ್ತ ಕಾಡೇ ಇದೆಯಲ್ಲ" ಎಂದ.

ನಾನು ಬಾಯಿ ತೆರೆಯುವ ಮೊದಲೇ ಬಂಗಾರಮ್ಮ ಎದ್ದಳು. "ಕಾಡಿದೆ ಪೂರ್ಣೇಶಣ್ಣ. ಅಲ್ಲಿ ನಿಮ್ಮ ಲೋಡಿನೋರು ಬೀಡಿ ಸೇದ್ತಾ ನಿಂತಿರ್ತಾರೆ. ಒಂದಿನ ನಿಮ್ಮನೆ ಅಕ್ಕನ್ನ ಕಳಿಸಿ, ಹೋಗಿ ಬರ್ಲಿ. ಆಮೇಲೆ ನಾವೂ ಹೋಗ್ತೀವಿ."

ಅವನ ನಗು ಅಲ್ಲಿಗೆ ನಿಂತಿತು. ಬಂಗಾರಮ್ಮ ತನ್ನ ಮೆಟ್ಟುಗತ್ತಿಯನ್ನು ಮಗುಚಿ ಹಾಕಿದಳು. ಸಾಲಿನುದ್ದಕ್ಕೂ ಕತ್ತಿಗಳು ಮಗುಚಿಬಿದ್ದ ಸದ್ದು ನೀನು ಕೇಳಬೇಕಿತ್ತು. ಹಸಿ ಅಡಿಕೆ ರಾಶಿ ಬಿದ್ದಿದೆ, ಕೆಡುತ್ತದೆ ಎಂದು ಅವನು ಕೂಗಾಡಿದ. ಸಂಜೆ ಬಂದು ಮಾಡಿಸೋಣ ಬಿಡಿ ಎಂದ. ಬಾಯಿಮಾತಿಗೆ ಯಾರೂ ಏಳಲಿಲ್ಲ. ಮರುದಿನ ಗುಂಡಿ ತೋಡಿಸಿದ. ಇವತ್ತು ಸಿಮೆಂಟಿನ ರಿಂಗು ಇಳಿದಿದೆ, ಮೂರು ಕಡೆ ತಗಡು ನಿಂತಿದೆ. ಬಾಗಿಲು ಇನ್ನೂ ಬಂದಿಲ್ಲ. ಬಾಗಿಲು ಬಂದು, ಒಳಗಿನಿಂದ ಚಿಲಕ ಹಾಕಿ ನೋಡಿ, ನೀರಿನ ಡ್ರಮ್ಮು ಇಟ್ಟ ಮೇಲೆ ಕತ್ತಿ ಹಿಡಿಯುವುದು ಎಂದು ಹೆಂಗಸರು ಕೂತಿದ್ದಾರೆ. ಅವರ ನಡುವೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಬಂಗಾರಮ್ಮ, ಬರೆದದ್ದನ್ನು ಓದು ಓದು ಎಂದು ಜೀವ ತಿನ್ನುತ್ತಿದ್ದಾಳೆ. ಅವಳ, ಉರಿ ಇರುವ ಉಳಿದವರ ಮೂತ್ರವನ್ನು ಮೇಧಾ ಪರೀಕ್ಷೆಗೆ ಕಳಿಸಿದ್ದಾರೆ. ಯಾರಿಗೆ ಔಷಧಿ ಬೇಕೋ ಅವರವರ ಹೆಸರಿಗೆ ಅವರವರದು ಬರುತ್ತದೆ. ಯಾರಿಗೆ ಬೇಡವೋ ಅವರಿಗೆ ಬೇಡ. ಇಲ್ಲಿ ಸಮಪಾಲು ಎಂದರೆ ಅದೇ ಎಂದು ಅವರು ಬಿಡಿಸಿ ಹೇಳಿದಾಗ ಹೆಂಗಸರು ಒಪ್ಪಿದರು. ನಿನ್ನನ್ನು ಒಪ್ಪಿಸುವುದೇ ಕಷ್ಟ ಎಂದೂ ಹೇಳಿದರು.

ಈಗ ಆ ಸ್ಟ್ರೆಚರಿನ ಅಜ್ಜಿ. ನಿನ್ನ ಮಗಳ ಫೋನು ಬಂದ ಮೇಲೆ ನಾನು ಶಿವಮೊಗ್ಗದಲ್ಲಿರುವ ನಮ್ಮ ಸಂಘದ ಯೋಗರಾಜನನ್ನು ಫೋನಿನಲ್ಲೇ ಎಬ್ಬಿಸಿ ಆಸ್ಪತ್ರೆಗೆ ಓಡಿಸಿದೆ. ಅವನು ಅಧಿಕಾರಿಗಳ ಕೊಠಡಿಯ ಮುಂದೆ ನಿಂತು, ಒಂದು ಮಂಚ ಸಿಗುವವರೆಗೆ ಕದಲುವುದಿಲ್ಲ ಎಂದ. ಆಕೆಗೆ ಪಕ್ಕದ ವಾರ್ಡಿನ ಕಿಟಕಿಯ ಕಡೆ ಮಂಚ ಸಿಕ್ಕಿದೆ. ನಂಬಿಕೆ ಇಲ್ಲದಿದ್ದರೆ ಶಿಲ್ಪಶ್ರೀಯನ್ನು ಕಳಿಸಿ ನೋಡು, ನೀನು ಹೋಗಬೇಡ. ಮಂಚ ಕಡಿಮೆಯಿದ್ದರೆ ಮಂಚ ಹಾಕಿಸುವುದಕ್ಕೆ ಜಗಳ ಆಡೋಣ. ಇರುವ ಒಂದನ್ನು ಒಬ್ಬ ರೋಗಿ ಇನ್ನೊಬ್ಬ ರೋಗಿಗೆ ಬಿಟ್ಟುಕೊಟ್ಟು ಇಬ್ಬರೂ ಸಾಯುವುದು ತ್ಯಾಗವೂ ಅಲ್ಲ, ಹೋರಾಟವೂ ಅಲ್ಲ.

ಶೆಡ್ಡಿನ ಹೆಂಗಸರು ಸೇರಿ ಒಂದು ತೀರ್ಮಾನ ಮಾಡಿದ್ದಾರೆ. ಬರೆದೇ ಕಳಿಸಬೇಕೆಂದು ಹಟ ಹಿಡಿದಿದ್ದಾರೆ. ಕೊನೆಯ ಡ್ರಿಪ್ ಮುಗಿದು, ಹೋಗಿ ಬಾ ಎಂದು ಡಾಕ್ಟರೇ ಹೇಳುವ ಮೊದಲು ನೀನು ಬಂದರೆ ಸಾಲಿನಲ್ಲಿ ಯಾರೂ ಸರಿದು ಜಾಗ ಕೊಡುವುದಿಲ್ಲ. ನಿನ್ನ ಜೊತೆ ಎಲೆ ಅಡಿಕೆಯನ್ನೂ ಹಂಚಿಕೊಳ್ಳುವುದಿಲ್ಲ. ಬಂಗಾರಮ್ಮ ಇನ್ನೂ ಒಂದು ಮಾತು ಸೇರಿಸಲು ಹೇಳಿದಳು. ಅದು ಬರೆಯುವಂಥದ್ದಲ್ಲ, ಬಂದ ಮೇಲೆ ಅವಳ ಬಾಯಿಂದಲೇ ಕೇಳು.

ನಾನು ಹೇಳುವುದು ಇಷ್ಟು. ತೀರಿಕೊಂಡ ಗೆಳತಿಯರ ಫೋಟೋ ಕೆಳಗೆ ನಿಂತು ಭಾಷಣ ಮಾಡಿ ಮಾಡಿ ನನ್ನ ಗಂಟಲು ಸೋತಿದೆ. ನಿನ್ನ ಫೋಟೋಕ್ಕೆ ಹಾರ ಹಾಕಿಸಿ, ಪುಷ್ಪಮ್ಮ ಅಮರರಾಗಲಿ ಎಂದು ನನ್ನಿಂದ ಕೂಗಿಸಬೇಡ. ನೀನು ಅಮರಳಾಗುವುದು ನನಗೆ ಬೇಡ, ಶಿಲ್ಪಶ್ರೀಗೂ ಬೇಡ. ನೀನು ಇರಬೇಕು, ಜಗಳ ಆಡಬೇಕು, ಭಾಷಣ ಮಾಡುವವರನ್ನು ಬೈಯುತ್ತಿರಬೇಕು.

ಗಂಟು ಬಿಚ್ಚಿ ಬಟ್ಟೆಗಳನ್ನು ಮಗಳ ಕೈಗೆ ಕೊಡು. ಯಾರ ಮುಂದೆಯೂ ಕೈ ಚಾಚದವಳು ನೀನು, ನನಗೆ ಗೊತ್ತು. ಸೂಜಿ ಚುಚ್ಚಲು ನರ ಸಿಗದಷ್ಟು ಕೈ ಬಾತಿದೆ ಎಂದೂ ಗೊತ್ತು. ಆದರೂ ಸಂಜೆ ಸಿಸ್ಟರ್ ಬಾಟಲಿ ಹಿಡಿದು ಬಂದಾಗ, ಆ ಔಷಧಿಯ ಕೊನೇ ಹನಿಯೂ ನಿನ್ನೊಬ್ಬಳದೇ ಎಂದು ತಿಳಿದು ಕೈ ಚಾಚು.

ನಿನ್ನ ಮೈಯ ಬೇನೆ ಬೇರುಸಮೇತ ಹೋಗಲಿ, ಬಾಯಿಯ ಖಾರ ಹಾಗೇ ಉಳಿಯಲಿ.

ನಿನ್ನ ದಾರಿ ಕಾಯುವ,
ಸತ್ಯಕ್ಕ